ಬಣ್ಣ ತೆಗೆದ ಹಳೆಯ ಟೆಕಿಲಾ: ರುಚಿಪರೀಕ್ಷೆಯ ಪ್ರಮಾಣಗಳು

1

ಮದ್ಯದ ರುಚಿಯನ್ನು ಕುರಿತ ವಿಚಾರವು ಇತಿಹಾಸ ವಿಭಾಗದ ಸಂಚಿಕೆಯಲ್ಲಿ ಬರುವುದು ಕೆಲವರಿಗೆ ವಿಚಿತ್ರವಾಗಿ ತೋರಬಹುದು. ಆದರೆ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಸುಮಾರು 1129ರಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ನೀರಿನ ಗುಣಭೇದಗಳಿಗೂ ಮದಿರಾಪಾನದ ವಿನೋದಕ್ಕೂ ಸ್ಥಾನ ದೊರೆತಿದೆಯೆಂಬುದನ್ನು ನೆನೆದರೆ ಈ ಸಂಕೋಚವು ನಮ್ಮ ಪೂರ್ವಿಕರಿಗಿರಲಿಲ್ಲವೆಂಬುದು ಸ್ಪಷ್ಟವಾಗುತ್ತದೆ. ಪ್ರಕೃತ ಲೇಖನದ ಉದ್ದೇಶ ಪಾನವನ್ನು ಪ್ರಶಂಸಿಸುವುದೂ ಅಲ್ಲ, ನಿಂದಿಸುವುದೂ ಅಲ್ಲ. ತನ್ನ ವಯಸ್ಸಿನ ಕುರುಹನ್ನು ತಾನೇ ಕಳೆದುಕೊಂಡು ಬಂದಿರುವ ಒಂದು ಪದಾರ್ಥವನ್ನು ಯಾವ ಪ್ರಮಾಣಗಳಿಂದ ಪರೀಕ್ಷಿಸಬೇಕು ಎಂಬುದೇ ನಮ್ಮ ಮುಂದಿರುವ ಪ್ರಶ್ನೆ. ಕಣ್ಣಿಗೆ ಕಾಣುವುದನ್ನು ಎಷ್ಟರ ಮಟ್ಟಿಗೆ ನಂಬಬೇಕೆಂಬುದು ಇತಿಹಾಸದ ವಿದ್ಯಾರ್ಥಿಗೆ ಪ್ರತಿದಿನದ ಪ್ರಶ್ನೆಯೇ ಆಗಿರುವುದರಿಂದ ಈ ವಿಚಾರ ನಮ್ಮ ಶಾಸ್ತ್ರದ ಎಲ್ಲೆಯೊಳಗಿನದೇ ಆಗಿದೆ.

2

ಟೆಕಿಲಾ ಎಂಬುದು ಮೆಕ್ಸಿಕೋ ದೇಶದ ನೀಲಿ ಕತ್ತಾಳೆಯಿಂದ ತೆಗೆಯುವ ಮದ್ಯ. ಗಿಡವು ಬೆಳೆದು ಬಲಿಯಲು ಆರರಿಂದ ಎಂಟು ವರ್ಷ ಹಿಡಿಯುತ್ತದೆ. ಎಲೆಗಳನ್ನು ಕತ್ತರಿಸಿ ತೆಗೆದು, ನಡುವಿನ ಗಡ್ಡೆಯನ್ನು ಬೇಯಿಸಿ, ಹಿಂಡಿ, ಬಂದ ರಸವನ್ನು ಹುಳಿಯಿಸಿ ಎರಡು ಸಾರಿ ಭಟ್ಟಿ ಇಳಿಸುತ್ತಾರೆ. 1974ರಲ್ಲಿ ಆ ದೇಶದ ಸರಕಾರವು ಈ ಹೆಸರಿಗೆ ಪ್ರಾದೇಶಿಕ ರಕ್ಷಣೆಯನ್ನು ನೀಡಿತು. 1994ರಲ್ಲಿ ಮೇಲ್ವಿಚಾರಣೆಗಾಗಿ ಒಂದು ನಿಯಂತ್ರಣ ಮಂಡಲಿ ಸ್ಥಾಪಿತವಾಯಿತು. ಅಲ್ಲಿಯ ನಿಯಮದ ಮೇರೆಗೆ ಓಕ್ ಮರದ ಸಂಪರ್ಕದಲ್ಲಿ ಕನಿಷ್ಠ 2 ತಿಂಗಳು ಇದ್ದುದು ರೆಪೊಸಾದೋ. 600 ಲೀಟರಿಗೆ ಮೀರದ ಪೀಪಾಯಿಯಲ್ಲಿ ಕನಿಷ್ಠ 1 ವರ್ಷ ಇದ್ದುದು ಅನ್ಯೇಹೋ. 3 ವರ್ಷ ಇದ್ದುದು ಎಕ್ಸ್ಟ್ರಾ ಅನ್ಯೇಹೋ. ಈ ಕಡೆಯ ವರ್ಗ 2006ರಲ್ಲಿ ಸೇರಿತು.

ಭಟ್ಟಿಯಿಂದ ಇಳಿದಾಗ ಮದ್ಯವು ನೀರಿನಂತೆ ತಿಳಿಯಾಗಿರುತ್ತದೆ. ಪೀಪಾಯಿಯ ಮರವು ಅದಕ್ಕೆ ಹೊಂಬಣ್ಣವನ್ನೂ, ಒಗರನ್ನೂ, ವೆನಿಲ್ಲಾದಂತಹ ಕಂಪನ್ನೂ ಕೊಡುತ್ತದೆ. ಹೀಗೆ ಹಳೆಯದಾದ ಮದ್ಯವನ್ನು ವಿಶೇಷವಾಗಿ ಸಿದ್ಧಗೊಳಿಸಿದ ಇದ್ದಿಲಿನ ಮೂಲಕ ಸೋಸಿ, ಬಣ್ಣವನ್ನು ತೆಗೆದು, ಪುನಃ ನೀರಿನಂತೆ ಮಾಡಿದರೆ ಅದು 'ಕ್ರಿಸ್ಟಲಿನೋ', ಎಂದರೆ ಸ್ಫಟಿಕದಂತಹುದು, ಎನಿಸಿಕೊಳ್ಳುತ್ತದೆ. 2008ರಲ್ಲಿ ಬಂದ ಮಾಯೆಸ್ತ್ರೋ ದೊಬೆಲ್, ಅದಾದ ಕೆಲವು ವರ್ಷಗಳಲ್ಲಿ ಬಂದ ಡಾನ್ ಹೂಲಿಯೋ 70, ಇವೆರಡೂ ಈ ಬಗೆಯ ಮೊದಲಿಗನೆಂಬ ಕೀರ್ತಿಗೆ ಹಕ್ಕು ಹೂಡಿವೆ. ಆದರೆ ಕ್ರಮವೇನೂ ಹೊಸದಲ್ಲ. 1862ರಲ್ಲಿ ಕ್ಯೂಬಾದ ಸಾಂತಿಯಾಗೋದಲ್ಲಿ ಆರಂಭವಾದ ಬಕಾರ್ಡಿ ಮನೆತನದ ಬಿಳಿಯ ರಮ್ಮು ಪೀಪಾಯಿಯಲ್ಲಿದ್ದು ಇದ್ದಿಲಿನಲ್ಲಿ ಸೋಸಿದುದೇ ಆಗಿದೆ. ಆದುದರಿಂದ ಕ್ರಿಸ್ಟಲಿನೋವನ್ನು ಅಪೂರ್ವ ಆವಿಷ್ಕಾರವೆಂದು ಹೊಗಳುವವರೂ, ಹಿಂದೆಂದೂ ಕಾಣದ ಅಪಚಾರವೆಂದು ಹಳಿಯುವವರೂ ಪೂರ್ವೇತಿಹಾಸವನ್ನು ಸಮನಾಗಿಯೇ ಮರೆತಿದ್ದಾರೆ.

3

ಬಣ್ಣ ತೆಗೆಯುವುದಕ್ಕೆ ಬರುವ ಮುಖ್ಯ ಆಕ್ಷೇಪವನ್ನು ನಮ್ಮ ಸೀಮೆಯ ಒಂದು ನಿದರ್ಶನದಿಂದ ವಿಶದಪಡಿಸಬಹುದು. ಪಾಮನಕಲ್ಲೂರು ಇಂದು ಸೇರಿರುವ ಮಸ್ಕಿ ತಾಲ್ಲೂಕಿನ ಕೇಂದ್ರದಲ್ಲಿಯೇ 1915ರಲ್ಲಿ ಚಿನ್ನದ ಗಣಿಯ ಇಂಜಿನಿಯರ್ ಬೀಡನ್ ಅವರು ಅಶೋಕನ ಕಿರು ಬಂಡೆಶಾಸನವನ್ನು ಕಂಡುಹಿಡಿದರು. ಅಲ್ಲಿಯವರೆಗೆ ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳಿಂದಷ್ಟೇ ಶಾಸನಗಳಲ್ಲಿ ಪರಿಚಿತನಾಗಿದ್ದ ಅರಸನು ಅಶೋಕನೇ ಎಂಬುದು ಆ ಬಂಡೆಯ ಮೇಲಿನ ಹೆಸರಿನಿಂದ ಸ್ಥಿರಪಟ್ಟಿತು. ಒರಟಾದ ಆ ಬಂಡೆಯನ್ನು ಯಾರಾದರೂ ಅಂದಕ್ಕಾಗಿ ಉಜ್ಜಿ ನುಣುಪುಗೊಳಿಸಿದ್ದರೆ ಕಲ್ಲು ಉಳಿಯುತ್ತಿತ್ತು, ಸಾಕ್ಷ್ಯ ಅಳಿಯುತ್ತಿತ್ತು. ಪೀಪಾಯಿಯ ಬಣ್ಣವು ಮದ್ಯದ ಮೈಮೇಲೆ ಕಾಲವು ಬರೆದ ಶಾಸನ. ಅದನ್ನು ಸೋಸಿ ತೆಗೆಯುವುದು ದಾಖಲೆಯನ್ನು ಅಳಿಸಿದಂತೆ ಎಂಬುದು ಆಕ್ಷೇಪಕರ ವಾದದ ತಿರುಳು.

ವಾದವು ಆಕರ್ಷಕವಾಗಿದ್ದರೂ ಪೂರ್ಣವಾಗಿ ನಿಲ್ಲಲಾರದು. ಬಣ್ಣವೆಂಬ ಶಾಸನವು ಸದಾ ಅಕೃತ್ರಿಮವಾದುದೇನೂ ಅಲ್ಲ. ಹಳೆಯಿಸಿದ ಟೆಕಿಲಾಗಳಿಗೆ ಕ್ಯಾರಮೆಲ್ ಬಣ್ಣ, ಓಕ್ ಸಾರ, ಗ್ಲಿಸರಿನ್, ಸಕ್ಕರೆ ಪಾಕ ಇವನ್ನು ತೂಕದಲ್ಲಿ ಶೇಕಡಾ 1ರ ಮಿತಿಯೊಳಗೆ ಬೆರೆಸಲು ನಿಯಮವೇ ಅವಕಾಶ ಕೊಟ್ಟಿದೆ. ಪೀಪಾಯಿಯು ಹೊಸದಾದರೆ ಬಣ್ಣ ಬೇಗನೆ ಗಾಢವಾಗುತ್ತದೆ, ಹಲವು ಸಾರಿ ಬಳಸಿದುದಾದರೆ ವರ್ಷಗಳು ಕಳೆದರೂ ತೆಳುವಾಗಿಯೇ ಉಳಿಯುತ್ತದೆ. ಗಂಗರ ಹೆಸರಿನ ಅನೇಕ ತಾಮ್ರಪಟಗಳನ್ನು ಫ್ಲೀಟ್ ಮಹಾಶಯರು ಕೂಟಶಾಸನಗಳೆಂದು ಶಂಕಿಸಿದುದು ನಮ್ಮ ವಿದ್ಯಾರ್ಥಿಗಳಿಗೆ ತಿಳಿದ ವಿಷಯ. ತಾಮ್ರ ಹಳೆಯದಾಗಿ ಕಂಡ ಮಾತ್ರಕ್ಕೆ ಬರಹ ಹಳೆಯದಾಗದು. ಹಾಗೆಯೇ ಬಣ್ಣ ಗಾಢವಾದ ಮಾತ್ರಕ್ಕೆ ಮದ್ಯ ಹಳೆಯದಾಗದು. ಅದು ದುರ್ಬಲ ಸಾಕ್ಷಿ. ದುರ್ಬಲ ಸಾಕ್ಷಿಯು ಹೋದುದರಿಂದ ಮೊಕದ್ದಮೆಯೇ ಬಿದ್ದುಹೋಗುವುದಿಲ್ಲ.

ಹಾಗಾದರೆ ದೋಷವೆಲ್ಲಿದೆ? ನಮ್ಮ ಅಭಿಪ್ರಾಯದಲ್ಲಿ ದೋಷವು ಬಣ್ಣದ ನಷ್ಟದಲ್ಲಿಲ್ಲ, ಬಣ್ಣದೊಡನೆ ಹೋಗುವ ಉಳಿದ ಗುಣಗಳ ನಷ್ಟದಲ್ಲಿದೆ. ಇದ್ದಿಲಿಗೆ ವಿವೇಚನೆಯಿಲ್ಲ. ಅದು ಬಣ್ಣವನ್ನೂ ಒಗರನ್ನೂ ಹೀರುವಾಗ ಕತ್ತಾಳೆಯ ಸ್ವಂತ ಕಂಪಿನ ಒಂದಂಶವನ್ನೂ ಹೀರಿಕೊಳ್ಳುತ್ತದೆ. ಆ ತೆರವನ್ನು ಕೆಲವು ತಯಾರಕರು ಸಿಹಿಯಿಂದ ತುಂಬುತ್ತಾರೆ. ವಿಮರ್ಶಕನು ಹಿಡಿಯಬೇಕಾದುದು ಈ ಎಳೆಯನ್ನು.

4

ಆದುದರಿಂದ ಕ್ರಿಸ್ಟಲಿನೋವನ್ನು ಒಂಟಿಯಾಗಿ ಪರೀಕ್ಷಿಸುವುದು ಸರಿಯಾದ ಮಾರ್ಗವಲ್ಲ. ಒಂದೇ ಮನೆತನದ ಮೂರು ಬಗೆಗಳನ್ನು, ಅಂದರೆ ಹಳೆಯಿಸದ ಬಿಳಿಯದು, ಪೀಪಾಯಿಯಲ್ಲಿ ಹಳೆಯದಾದುದು, ಸೋಸಿದುದು ಇವನ್ನು ಒಂದರ ಪಕ್ಕದಲ್ಲೊಂದಿಟ್ಟು ತೂಗಬೇಕು. ಮೂಲಪ್ರತಿಯನ್ನೂ ಪರಿಷ್ಕೃತ ಪ್ರತಿಯನ್ನೂ ಹೋಲಿಸದೆ ಗ್ರಂಥಸಂಪಾದಕನು ಪಾಠನಿರ್ಣಯ ಮಾಡುವನೆ? ಬಾಯಿ ಕಿರಿದಾದ ಲೋಟದಲ್ಲಿ ಸ್ವಲ್ಪವೇ ಹಾಕಿ, ತಣಿಸದೆ, ಮೊದಲು ಮೂಗಿನಿಂದಲೂ ಆಮೇಲೆ ನಾಲಗೆಯಿಂದಲೂ ನೋಡಿ, ಕೊನೆಗೆ ಕೆಲವು ಹನಿ ನೀರು ಬೆರೆಸಿ ಮತ್ತೊಮ್ಮೆ ನೋಡುವುದು ಯುಕ್ತವಾದ ಕ್ರಮ. ಹಿಮದಂತೆ ತಣಿಸಿದರೆ ಗುಣದೋಷಗಳೆರಡೂ ಅಡಗುತ್ತವೆ.

ಈ ಕ್ರಮದಿಂದ ನೋಡಿದಾಗ ಬಿಳಿಯ ಟೆಕಿಲಾದಲ್ಲಿ ಕೆಂಡದಲ್ಲಿ ಸುಟ್ಟ ಗೆಣಸಿನ ಸಿಹಿಯೂ, ಕರಿಮೆಣಸಿನ ಚುರುಕೂ, ಹಸಿ ಸೊಪ್ಪಿನ ವಾಸನೆಯೂ ಮುಂದಾಗಿ ತೋರುತ್ತವೆ. ಹಳೆಯದಾದುದರಲ್ಲಿ ಇವು ಹಿಂದೆ ಸರಿದು, ಆಲೆಮನೆಯಲ್ಲಿ ಪಾಕವು ಏರುವಾಗ ಏಳುವಂತಹ ಕಂಪೂ ಅಡಿಕೆಯ ಒಗರಿನಂತಹ ಬಿಗಿಯೂ ಸೇರಿಕೊಳ್ಳುತ್ತವೆ. ಸೋಸಿದುದರಲ್ಲಿ ಆಲೆಮನೆಯ ಕಂಪು ತೆಳುವಾಗಿ ಉಳಿಯುತ್ತದೆ, ಒಗರು ಹೋಗುತ್ತದೆ, ಚುರುಕು ತಗ್ಗುತ್ತದೆ. ಬಾಯಿಗೆ ನಯವಾಗಿದ್ದರೂ ನುಂಗಿದ ಮೇಲೆ ರುಚಿ ಬೇಗನೆ ಆರಿಹೋಗುತ್ತದೆ. ಉತ್ತಮವಾದುದರಲ್ಲಿ ಬೆಂದ ಕತ್ತಾಳೆಯ ನೆನಪು ಕೊನೆಯವರೆಗೂ ನಿಲ್ಲುತ್ತದೆ. ಅಧಮವಾದುದರಲ್ಲಿ ಸಕ್ಕರೆಯೂ ವೆನಿಲ್ಲಾವೂ ಮಾತ್ರ ಉಳಿದು, ಅದು ಯಾವ ಗಿಡದಿಂದ ಬಂದುದೆಂಬುದೇ ತಿಳಿಯದಂತಾಗುತ್ತದೆ.

ಹೀಗೆ ಮೂರು ಪ್ರಮಾಣಗಳು ದೊರೆಯುತ್ತವೆ. ಮೊದಲನೆಯದು, ಗಿಡದ ಗುರುತು ಉಳಿದಿದೆಯೆ ಎಂಬುದು. ಎರಡನೆಯದು, ಪೀಪಾಯಿಯಲ್ಲಿ ಕಳೆದ ಕಾಲವು ಬಣ್ಣದ ಆಸರೆಯಿಲ್ಲದೆಯೂ ಮೂಗು ನಾಲಗೆಗಳಿಗೆ ತಿಳಿಯುತ್ತದೆಯೆ ಎಂಬುದು. ಮೂರನೆಯದು, ನಯವು ಸೋಸುವಿಕೆಯಿಂದ ಬಂದುದೊ ಬೆರಕೆಯ ಸಿಹಿಯಿಂದ ಬಂದುದೊ ಎಂಬುದು. ಈ ಮೂರರಲ್ಲಿಯೂ ನಿಲ್ಲುವ ಕ್ರಿಸ್ಟಲಿನೋ ಗೌರವಾರ್ಹವಾದುದೇ. ಆದರೂ ಅದು ತನ್ನ ತಾಯಿಯಾದ ಅನ್ಯೇಹೋವನ್ನು ಮೀರಿಸಲಾರದು; ಕಳೆಯುವುದರಿಂದ ನಯ ಬಂದೀತೇ ಹೊರತು ಸಮೃದ್ಧಿ ಬಾರದು. ಹೀಗಿದ್ದೂ ಅದನ್ನು ಹೆಚ್ಚಿನ ಬೆಲೆಗೆ ಮಾರುವಲ್ಲಿ ಬೆಲೆ ಸಲ್ಲುವುದು ರುಚಿಗಲ್ಲ, ತಿಳಿಯಾದ ನೋಟಕ್ಕೆ.

5

ತಿಳಿಯಾದುದೆಲ್ಲ ಶುದ್ಧವೆಂಬ ಈ ನಂಬಿಕೆಯೇ ನಮ್ಮನ್ನು ಮೆಕ್ಸಿಕೋದಿಂದ ಮನೆಗೆ ಕರೆತರುತ್ತದೆ. ಕತ್ತಾಳೆಯು ನಮಗೂ ಪರಕೀಯವಲ್ಲ. ಅಮೆರಿಕ ಖಂಡದಿಂದ ಬಂದು ದಖ್ಖನದ ಬಯಲು ಸೀಮೆಯಲ್ಲಿ ನೆಲೆಸಿದ ಈ ಗಿಡವನ್ನು ನಮ್ಮ ರೈತರು ಬೇಲಿಗೂ ನಾರಿಗೂ ಬಳಸಿದರು. 2011ರಿಂದೀಚೆಗೆ ದಖ್ಖನದ ಕತ್ತಾಳೆಯಿಂದಲೇ ತೆಗೆದ ಡೆಸ್ಮಂಡ್‌ಜಿ ಎಂಬ ಮದ್ಯವೂ ಮಾರುಕಟ್ಟೆಯಲ್ಲಿ ಕಾಣಿಸಿಕೊಂಡಿತು. ಹೆಸರಿನ ರಕ್ಷಣೆಯ ಕಾರಣ ಅದನ್ನು ಟೆಕಿಲಾ ಎನ್ನುವಂತಿಲ್ಲ. ಆದರೆ ನಮ್ಮ ಹಳ್ಳಿಗಳ ಅನುಭವವು ಸ್ಫಟಿಕದ ಸೀಸೆಗಳದಲ್ಲ. ಅದು ಸೇಂದಿಯದು, ಸಾರಾಯಿಯದು. 1981ರ ಜುಲೈ ತಿಂಗಳಿನಲ್ಲಿ ಬೆಂಗಳೂರಿನಲ್ಲಿ ಕಳ್ಳಭಟ್ಟಿಯಿಂದ 300ಕ್ಕೂ ಹೆಚ್ಚು ಮಂದಿ ಮಡಿದರು. ಅಂತಹ ದುರಂತಗಳಿಗೆ ಕಾರಣವಾಗುವ ಮೆಥನಾಲ್ ಎಂಬ ವಿಷಕ್ಕೆ ಬಣ್ಣವೇ ಇಲ್ಲ. ನೋಡಲು ಅದು ನೀರಿನಷ್ಟೇ ತಿಳಿ. ರಾಯಚೂರು ಸೀಮೆಯಲ್ಲಿ ಸಿ.ಎಚ್. ಪುಡಿಯೆಂದು ಹೆಸರಾದ ಕ್ಲೋರಲ್ ಹೈಡ್ರೇಟನ್ನು ಕಲಸಿದ ಸೇಂದಿಯು ಎಷ್ಟು ಕುಟುಂಬಗಳನ್ನು ಕೆಡಿಸಿತೆಂಬುದನ್ನು ಇಲ್ಲಿಯ ಓದುಗರಿಗೆ ಹೇಳಬೇಕಾಗಿಲ್ಲ. ರಾಜ್ಯದಲ್ಲಿ ಸಾರಾಯಿ ಮಾರಾಟವು 2007ರ ಜುಲೈ 1ರಿಂದ ನಿಷಿದ್ಧವಾಯಿತು. ಕಣ್ಣಿನ ಸಾಕ್ಷ್ಯವನ್ನೊಂದೇ ನಂಬಿದರೆ ಶ್ರೀಮಂತನಿಗೆ ಆಗುವ ನಷ್ಟ ಕೆಲವು ಸಾವಿರ ರೂಪಾಯಿ; ಬಡವನಿಗೆ ಆಗುವ ನಷ್ಟ ಪ್ರಾಣ.

ಕೆಸರು ನೀರನ್ನು ತಿಳಿಗೊಳಿಸಲು ನಮ್ಮ ಜನರು ಚಿಲ್ಲದ ಬೀಜವನ್ನು ಮಡಕೆಯ ಒಳಮೈಗೆ ತೇಯುತ್ತಿದ್ದರು. ಆ ಬೀಜದ ಹೆಸರನ್ನು ಹೇಳಿದ ಮಾತ್ರಕ್ಕೆ ನೀರು ತಿಳಿಯಾಗದೆಂಬ ದೃಷ್ಟಾಂತ ಮನುಸ್ಮೃತಿಯ 6ನೆಯ ಅಧ್ಯಾಯದಲ್ಲಿ ಬರುತ್ತದೆ. ಇದಕ್ಕೆ ನಾವು ಇನ್ನೊಂದನ್ನು ಸೇರಿಸಬಹುದು: ನೀರು ತಿಳಿಯಾದ ಮಾತ್ರಕ್ಕೆ ಕುಡಿಯಲು ಯೋಗ್ಯವೂ ಆಗದು. ಬೀಜವು ಕೆಸರನ್ನು ಕೆಳಗಿಳಿಸುತ್ತದೆ, ನೀರಿನಲ್ಲಿ ಕರಗಿದ ಉಪ್ಪನ್ನು ಇಳಿಸಲಾರದು. ಅದರಂತೆಯೇ ಇದ್ದಿಲು ಬಣ್ಣವನ್ನು ತೆಗೆಯುತ್ತದೆ, ಯೋಗ್ಯತೆಯನ್ನು ಕೊಡಲಾರದು.

ಸಾಕ್ಷ್ಯವು ಚೆಲುವಾಗಿದ್ದಷ್ಟೂ ಪರೀಕ್ಷೆ ಕಠಿಣವಾಗಿರಬೇಕು. ಶಾಸನವಾಗಲಿ, ಗ್ರಂಥವಾಗಲಿ, ಸೀಸೆಯಲ್ಲಿನ ದ್ರವವಾಗಲಿ, ಅದು ಏನನ್ನು ತೋರಿಸುತ್ತದೆಂಬುದರೊಡನೆ ಅದರಿಂದ ಏನನ್ನು ತೆಗೆಯಲಾಗಿದೆ, ಯಾರು ತೆಗೆದರು, ಏತಕ್ಕಾಗಿ ತೆಗೆದರು ಎಂಬುದನ್ನೂ ಕೇಳುವ ಅಭ್ಯಾಸ ನಮ್ಮ ವಿದ್ಯಾರ್ಥಿಗಳಲ್ಲಿ ಬೆಳೆಯಬೇಕು. ಕ್ರಿಸ್ಟಲಿನೋ ಸೀಸೆಯನ್ನು ಅವರು ಎಂದಿಗೂ ಕಾಣದಿರಬಹುದು, ಕಾಣದಿದ್ದರೆ ನಷ್ಟವೂ ಇಲ್ಲ. ಆದರೆ ಈ ಪ್ರಶ್ನೆಯನ್ನು ಕಲಿಯದಿದ್ದರೆ ನಷ್ಟವುಂಟು.