ವಿಷಯ ಸಿಕ್ಕಿತು, ಪ್ರಶ್ನೆ ಎಲ್ಲಿ?

ವಾರಕ್ಕೊಂದು ಬರಹ ಬರೆಯುವವರಿಗೆ ಒಂದು ಚಿಂತೆ ತಪ್ಪಿದ್ದಲ್ಲ: ಈ ಸಲ ಏನು ಬರೆಯುವುದು? ನಮ್ಮ ವಿಭಾಗದ ಎಂ.ಎ. ವಿದ್ಯಾರ್ಥಿಗಳೂ ನನ್ನನ್ನು ಆಗಾಗ ಇದನ್ನೇ ಕೇಳುತ್ತಾರೆ. "ಬರೀಬೇಕು ಅಂತ ಆಸೆ ಇದೆ ಅಕ್ಕಾ, ವಿಷಯಾನೇ ಸಿಗಲ್ಲ" ಎಂದವರು ಎರಡೇ ನಿಮಿಷದಲ್ಲಿ ಫೋನು ತೆರೆದು "ಇದರ ಬಗ್ಗೆ ಬರೀಲಾ? ಎಲ್ಲರೂ ಇದನ್ನೇ ಮಾತಾಡ್ತಿದಾರೆ" ಎಂದು ಕೇಳುತ್ತಾರೆ. ಕನ್ನಡದ ಜಾಲಪತ್ರಿಕೆಗಳಲ್ಲಿ ಬರುತ್ತಿರುವ ಸಾಹಿತ್ಯ ಬರಹಗಳ ಒಂದು ದೊಡ್ಡ ಪಾಲು ಈಗ ಹೀಗೇ ಹುಟ್ಟುತ್ತಿದೆ. ಫೇಸ್‌ಬುಕ್ಕಿನಲ್ಲಿ ಜಗಳವೊಂದು ಏಳುತ್ತದೆ, ಇಲ್ಲವೇ ಸಾಹಿತಿಯೊಬ್ಬರ ಜನ್ಮದಿನದ ಪೋಸ್ಟರ್ ಓಡಾಡುತ್ತದೆ. ಮೂರನೆಯ ದಿನಕ್ಕೆ ಅದರ ಮೇಲೊಂದು ಲೇಖನ ಸಿದ್ಧ.

ಇದನ್ನು ಕಂಡು ಮೂಗು ಮುರಿಯುವುದು ಸುಲಭ. ಆದರೆ ಮೂಗು ಮುರಿಯುವವರು ಎರಡು ಸಂಗತಿಗಳನ್ನು ಮರೆಯುತ್ತಾರೆ. ಮೊದಲನೆಯದು, ಮನೆಯಲ್ಲಿ ಪುಸ್ತಕದ ಕಪಾಟು ಇಲ್ಲದ, ಊರಿನಲ್ಲಿ ಒಳ್ಳೆಯ ಗ್ರಂಥಾಲಯವಿಲ್ಲದ ಓದುಗರಿಗೆ ಜಾಲತಾಣವೇ ವಾಚನಾಲಯ. ಹೊಸ ಪುಸ್ತಕದ ಸುದ್ದಿ, ಹಳೆಯ ಕವಿತೆಯ ಓದು, ಲೇಖಕರ ಮಾತು, ಎಲ್ಲವೂ ಅವರಿಗೆ ಸಿಗುವುದು ಅಲ್ಲಿಯೇ. ಎರಡನೆಯದು, ಊರ ಮಾತಿನಿಂದ ವಿಷಯ ಎತ್ತಿಕೊಳ್ಳುವುದು ಕನ್ನಡ ಬರವಣಿಗೆಗೆ ಹೊಸದೇನಲ್ಲ. 1980ರಲ್ಲಿ ಶುರುವಾದ ಲಂಕೇಶ್ ಪತ್ರಿಕೆಯನ್ನೇ ನೋಡಿ. ಲಂಕೇಶರ 'ಟೀಕೆ ಟಿಪ್ಪಣಿ' ಆ ವಾರದ ರಾಜಕೀಯದಿಂದಲೋ ಸಾವಿನಿಂದಲೋ ಸಣ್ಣ ಭೇಟಿಯೊಂದರಿಂದಲೋ ಹೊರಡುತ್ತಿತ್ತು. ಆ ವಾರ ಮುಗಿದು ದಶಕಗಳು ಕಳೆದ ಮೇಲೂ ಅವನ್ನು ಪುಸ್ತಕವಾಗಿ ಓದುತ್ತಿದ್ದೇವೆ. ಹಾಗಾದರೆ ವಿಷಯ ಎಲ್ಲಿಂದ ಬಂತು ಎಂಬುದು ದೋಷವಲ್ಲ. ಬಂದ ವಿಷಯದ ಜೊತೆ ಬರಹಗಾರ ಏನು ಮಾಡಿದ ಎಂಬುದೇ ವಿಮರ್ಶೆ ಕೇಳಬೇಕಾದ ಮಾತು.

ಇಲ್ಲಿ ಒಂದು ವ್ಯತ್ಯಾಸವಿದೆ. ಹಳೆಯ ಅಂಕಣಕಾರನ ಕೈಗೆ ಬರುತ್ತಿದ್ದದ್ದು ಒಂದು ಘಟನೆ. ಅದರ ಬಗ್ಗೆ ಏನು ಯೋಚಿಸಬೇಕೆಂಬುದು ಅವನ ಕೆಲಸವಾಗಿತ್ತು. ಜಾಲತಾಣ ನಮ್ಮ ಕೈಗಿಡುವುದು ಘಟನೆಯನ್ನು ಮಾತ್ರವಲ್ಲ, ಅದಕ್ಕೆ ಅಂಟಿಸಿದ ಎರಡು ನಿಲುವುಗಳನ್ನೂ. ಪೋಸ್ಟು ಕಣ್ಣಿಗೆ ಬೀಳುವ ಹೊತ್ತಿಗೆ ಪರ ಯಾರು, ವಿರೋಧ ಯಾರು, ಯಾವ ಪದ ಬಳಸಿದರೆ ಯಾವ ಗುಂಪಿಗೆ ಸೇರುತ್ತೇವೆ ಎಂಬುದೆಲ್ಲ ತೀರ್ಮಾನವಾಗಿರುತ್ತದೆ. ಅಲ್ಲಿಂದ ಹೊರಟ ಬರಹಕ್ಕೆ ಉಳಿಯುವ ಕೆಲಸ ಒಂದೇ, ಇರುವ ನಿಲುವನ್ನು ಸಾವಿರ ಪದಕ್ಕೆ ಹಿಗ್ಗಿಸುವುದು. ಅದು ಪ್ರಬಂಧವಲ್ಲ, ಉದ್ದನೆಯ ಕಾಮೆಂಟು.

ಒಂದು ಪ್ರಸಂಗವನ್ನು ತೆಗೆದುಕೊಂಡು ನೋಡೋಣ. 2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರ ಕಥೆಗಳನ್ನು ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ 'ಹಾರ್ಟ್ ಲ್ಯಾಂಪ್' ಸಂಕಲನಕ್ಕೆ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ಕನ್ನಡಕ್ಕೆ ಅದು ಮೊದಲನೆಯದು. ಸಣ್ಣಕಥೆಗಳ ಸಂಕಲನವೊಂದಕ್ಕೆ ಆ ಪ್ರಶಸ್ತಿ ಸಂದದ್ದೂ ಅದೇ ಮೊದಲು. ಆ ವಾರ ಕನ್ನಡ ಜಾಲತಾಣಗಳಲ್ಲಿ ಬೇರೆ ಮಾತೇ ಇರಲಿಲ್ಲ. ಹೆಮ್ಮೆ ಪಟ್ಟವರ ಪಕ್ಕದಲ್ಲೇ ಇದು ಅಷ್ಟು ದೊಡ್ಡ ಸಾಹಿತ್ಯವೇ ಎಂದು ಹುಬ್ಬು ಹಾರಿಸಿದವರೂ ಇದ್ದರು. ಕೆಲವೇ ತಿಂಗಳಲ್ಲಿ ಮೈಸೂರು ದಸರಾ ಉದ್ಘಾಟನೆಗೆ ಅವರನ್ನು ಆಹ್ವಾನಿಸಿದಾಗ ಮಾತು ಮತ್ತೆ ಕಾವೇರಿತು. ಹಳೆಯ ಭಾಷಣವೊಂದರ ತುಣುಕು ಫೋನಿನಿಂದ ಫೋನಿಗೆ ಓಡಿತು, ಪ್ರಕರಣ ನ್ಯಾಯಾಲಯದ ಮೆಟ್ಟಿಲು ಹತ್ತಿತು, ಸೆಪ್ಟೆಂಬರ್ 22ರಂದು ಅವರೇ ದಸರಾ ಉದ್ಘಾಟಿಸಿದರು. ಈ ಎರಡೂ ಸಂದರ್ಭಗಳಲ್ಲಿ ನನ್ನ ಕಣ್ಣಿಗೆ ಬಿದ್ದ ಬರಹಗಳಲ್ಲಿ ಹೆಚ್ಚಿನವು ಲೇಖಕಿಯ ಬಗ್ಗೆ ಇದ್ದವು, ಧರ್ಮದ ಬಗ್ಗೆ, ಕನ್ನಡದ ಹಿರಿಮೆಯ ಬಗ್ಗೆ ಇದ್ದವು. ಒಂದು ಕಥೆಯನ್ನು ಮುಂದಿಟ್ಟುಕೊಂಡು, ಇಲ್ಲಿ ಏನು ನಡೆಯುತ್ತಿದೆ ಎಂದು ಕೇಳಿದವು ಬಹಳ ಕಡಿಮೆ.

ಕೇಳಿದ್ದರೆ ಏನು ಸಿಗುತ್ತಿತ್ತು? 'ಕರಿ ನಾಗರಗಳು' ಕಥೆಯನ್ನು ನೋಡಿ. ಗಿರೀಶ್ ಕಾಸರವಳ್ಳಿಯವರು 'ಹಸೀನಾ' ಚಿತ್ರ ಮಾಡಿದ್ದು, ತಾರಾ ಅವರಿಗೆ ಶ್ರೇಷ್ಠ ನಟಿ ರಾಷ್ಟ್ರಪ್ರಶಸ್ತಿ ಬಂದದ್ದು ಈ ಕಥೆಯಿಂದಲೇ. ಹೆಣ್ಣುಮಕ್ಕಳನ್ನೇ ಹೆತ್ತಳೆಂದು ಗಂಡ ಬಿಟ್ಟುಹೋದ ಹೆಂಗಸೊಬ್ಬಳು ಕಾಯಿಲೆಯ ಕೂಸನ್ನು ಹೊತ್ತು ಮಸೀದಿಯ ಮುತವಲ್ಲಿಯ ಬಳಿ ನ್ಯಾಯ ಕೇಳುತ್ತಾಳೆ. ನ್ಯಾಯ ಸಿಗುವುದಿಲ್ಲ, ಕೂಸು ಸಾಯುತ್ತದೆ. ಆಮೇಲೆ ಮೊಹಲ್ಲಾದ ಹೆಂಗಸರು ಬಾಗಿಲುಗಳಲ್ಲಿ ನಿಂತು ಮುತವಲ್ಲಿಯನ್ನು ಶಪಿಸುತ್ತಾರೆ. ಕಥೆಯ ಹೆಸರು ಬಂದಿರುವುದು ಆ ಶಾಪದಿಂದ. ಅಧಿಕಾರವಿಲ್ಲದವರ ಕೈಯಲ್ಲಿರುವುದು ನಾಲಿಗೆ ಮಾತ್ರ. ಆ ನಾಲಿಗೆಗಳೆಲ್ಲ ಒಟ್ಟಾಗಿ ಎದ್ದಾಗ ಅಧಿಕಾರಸ್ಥ ತನ್ನ ಬೀದಿಯಲ್ಲೇ ತಲೆ ತಗ್ಗಿಸಿ ನಡೆಯಬೇಕಾಗುತ್ತದೆ.

ಈ ಕಥೆಯನ್ನು ಓದಿದ ಮೇಲೆ ಜಾಲತಾಣದ ಗದ್ದಲ ಬೇರೆ ಥರ ಕಾಣುತ್ತದೆ. ಅಲ್ಲಿಯೂ ನೂರಾರು ಜನ ಒಟ್ಟಿಗೆ ಮಾತಾಡುತ್ತಾರೆ, ಶಾಪ ಹಾಕುತ್ತಾರೆ. ಆದರೆ ಕಥೆಯ ಹೆಂಗಸರು ಮಾತಾಡುವುದು ಕಣ್ಣೆದುರಿಗೆ ನಡೆದದ್ದನ್ನು ಕಂಡ ಮೇಲೆ. ಅವರ ಮಾತಿಗೆ ಒಂದು ಸಾವಿನ ಭಾರವಿದೆ, ತಮ್ಮ ತಮ್ಮ ಮನೆಯ ಅನುಭವದ ಭಾರವಿದೆ. ನಾವು ಮಾತಾಡುವುದು ಓದುವ ಮೊದಲು. ಸಾಮೂಹಿಕ ಮಾತು ಯಾವಾಗ ನ್ಯಾಯವಾಗುತ್ತದೆ, ಯಾವಾಗ ಬರೀ ಗದ್ದಲವಾಗುತ್ತದೆ? ಬೂಕರ್ ಗದ್ದಲದಿಂದಲೇ ಹೊರಡಬಹುದಾಗಿದ್ದ, ಕಥೆಯಿಂದಲೇ ಉತ್ತರ ಹುಡುಕಬಹುದಾಗಿದ್ದ ಪ್ರಶ್ನೆ ಇದು. ವಿಷಯ ಎಲ್ಲರ ಕೈಯಲ್ಲೂ ಇತ್ತು. ಪ್ರಶ್ನೆ ಇದ್ದದ್ದು ಪುಸ್ತಕದ ಒಳಗೆ.

ಗದ್ದಲದ ಬರಹಗಳ ಎದುರು ತುದಿಯಲ್ಲಿರುವುದು ಪಂಚಾಂಗದ ಬರಹಗಳು. ಜನವರಿ 31 ಬಂತೆಂದರೆ ಬೇಂದ್ರೆ, ಸೆಪ್ಟೆಂಬರ್ 8 ಬಂತೆಂದರೆ ತೇಜಸ್ವಿ, ಡಿಸೆಂಬರ್ 29 ಬಂತೆಂದರೆ ಕುವೆಂಪು. ಬೆಳಗಿನ ಹೊತ್ತಿಗೆ ಪೋಸ್ಟರುಗಳು, ಸಂಜೆಯ ಹೊತ್ತಿಗೆ ಲೇಖನಗಳು. ಇಲ್ಲಿ ಜಗಳವಿಲ್ಲ, ಹಾಗಾಗಿ ಯೋಚನೆಯ ಅಗತ್ಯವೂ ಬೀಳುವುದಿಲ್ಲ. ತೇಜಸ್ವಿಯವರ ಬಗ್ಗೆ ಬರೆದರೆ ಕಾಡು, ಕ್ಯಾಮೆರಾ, ಮೀನು, ಮೂಡಿಗೆರೆ. ಸ್ಮರಣೆ ತಪ್ಪಲ್ಲ. ಆದರೆ ಕಳೆದ ವರ್ಷದ ಲೇಖನವನ್ನು ತಂದು ಈ ವರ್ಷದ ಜಾಗದಲ್ಲಿಟ್ಟರೆ ಯಾರಿಗೂ ಗೊತ್ತಾಗದು ಎಂದಾದರೆ, ಆ ಬರಹ ತೇಜಸ್ವಿಯವರ ಬಗ್ಗೆ ಇಲ್ಲ, ತಾರೀಖಿನ ಬಗ್ಗೆ ಇದೆ.

ಹಾಗಾದರೆ ಜಾಲತಾಣದಲ್ಲಿ ಹುಡುಕಬೇಕಾದದ್ದು ಏನನ್ನು? ಕನ್ನಡದಲ್ಲಿ ಇದಕ್ಕೊಂದು ಒಳ್ಳೆಯ ಮಾದರಿ ಇದೆ. 1991ರಲ್ಲಿ ಪ್ರೊ. ಜಿ. ವೆಂಕಟಸುಬ್ಬಯ್ಯನವರು ಪ್ರಜಾವಾಣಿಯಲ್ಲಿ 'ಇಗೋ ಕನ್ನಡ' ಅಂಕಣ ಶುರು ಮಾಡಿದರು. ಅದರ ವಿಷಯಗಳು ಬರುತ್ತಿದ್ದದ್ದು ಓದುಗರ ಪತ್ರಗಳಿಂದ. ಈ ಪದದ ಮೂಲವೇನು, ಇದು ಸರಿಯೋ ಅದು ಸರಿಯೋ ಎಂದು ಜನ ಕೇಳುತ್ತಿದ್ದರು, ಅವರು ಕಾವ್ಯ, ಶಾಸನ, ನಿಘಂಟುಗಳನ್ನೆಲ್ಲ ತಡಕಿ ಉತ್ತರ ಕೊಡುತ್ತಿದ್ದರು. ಊರು ಏನನ್ನು ಕೂಗುತ್ತಿದೆ ಎಂದು ಅವರು ನೋಡಲಿಲ್ಲ. ಯಾರೋ ಒಬ್ಬರಿಗೆ ಏನು ತಿಳಿಯಬೇಕಾಗಿದೆ ಎಂದು ನೋಡಿದರು. ಲಂಕೇಶರದ್ದು ಘಟನೆಯಿಂದ ಹೊರಡುವ ದಾರಿಯಾದರೆ ಇದು ಪ್ರಶ್ನೆಯಿಂದ ಹೊರಡುವ ದಾರಿ. ಜಾಲತಾಣದಲ್ಲಿ ಎರಡೂ ಇವೆ. ಘಟನೆ ಮೇಲೆ ತೇಲುತ್ತದೆ, ಪ್ರಶ್ನೆ ಕಾಮೆಂಟುಗಳ ತಳದಲ್ಲಿ ಉತ್ತರವಿಲ್ಲದೆ ಕೂತಿರುತ್ತದೆ.

ವಾಟ್ಸ್‌ಆ್ಯಪ್‌ನಲ್ಲಿ ಕಗ್ಗ ಎಂಬ ಹೆಸರಿನಲ್ಲಿ ನಾಲ್ಕು ಸಾಲು ಬರುತ್ತದೆ. ಐವತ್ತು ಜನ ಕೈಮುಗಿಯುತ್ತಾರೆ, ಒಬ್ಬರು ಮಾತ್ರ "ಇದು ಎಷ್ಟನೇ ಪದ್ಯ?" ಎಂದು ಕೇಳುತ್ತಾರೆ. ಡಿ.ವಿ.ಜಿ.ಯವರ 'ಮಂಕುತಿಮ್ಮನ ಕಗ್ಗ'ದಲ್ಲಿ ಇರುವುದು 945 ಪದ್ಯಗಳು. ಹುಡುಕಿದರೆ ಆ ನಾಲ್ಕು ಸಾಲು ಅದರಲ್ಲಿ ಇಲ್ಲದಿರಬಹುದು. ಸುಳ್ಳು ಹಿಡಿದೆವೆಂದು ಬೀಗುವುದಕ್ಕಿಂತ ದೊಡ್ಡ ವಿಷಯ ಇಲ್ಲಿದೆ. ಅಂಕಿತ ಎಂಬುದು ಇದು ಯಾರ ಮಾತು ಎಂದು ಹೇಳುವ ಗುರುತು. ಆದರೆ ಕೊನೆಯಲ್ಲಿ 'ಮಂಕುತಿಮ್ಮ' ಎಂದು ಸೇರಿಸಿದರೆ ಯಾರ ಮಾತಿಗೂ ಡಿ.ವಿ.ಜಿ.ಯವರ ತೂಕ ಬಂದುಬಿಡುತ್ತದೆ. ಗುರುತಾಗಬೇಕಾದದ್ದೇ ಮುಖವಾಡವಾಗುವುದು ಹೇಗೆ? ವಚನಗಳಿಂದ ಹಿಡಿದು ಇಂದಿನವರೆಗೆ ಈ ಪ್ರಶ್ನೆಯನ್ನು ಎಳೆದುಕೊಂಡು ಹೋಗಬಹುದು.

ಇನ್ನೊಂದು ಉದಾಹರಣೆ. ತರಕಾರಿ ಹೆಚ್ಚುವ, ಮಣೆಗೆ ಕತ್ತಿ ಕೂರಿಸಿದ ಆ ಹಳೆಯ ಸಾಧನದ ಚಿತ್ರ ಹಾಕಿ "ನಿಮ್ಮ ಕಡೆ ಏನಂತಾರೆ?" ಎಂದು ಕೇಳುವ ಪೋಸ್ಟುಗಳನ್ನು ನೀವೂ ನೋಡಿರುತ್ತೀರಿ. ಮೈಸೂರು ಕಡೆಯವರು ಈಳಿಗೆಮಣೆ ಎನ್ನುತ್ತಾರೆ, ಮಲೆನಾಡಿನವರು ಮೆಟ್ಟುಗತ್ತಿ ಎನ್ನುತ್ತಾರೆ. ಮೆಟ್ಟುಗತ್ತಿ ಎಂದಾಗ ಅದನ್ನು ಕಾಲಲ್ಲಿ ಮೆಟ್ಟಿ ಕೂತ ಒಂದು ಮೈ ಕಾಣುತ್ತದೆ. ಅಡುಗೆ ನೆಲದಿಂದ ಕಟ್ಟೆಗೆ ಏರಿದಾಗ ಹೋದದ್ದು ಪದವೋ, ಆ ಮೈಯ ಭಂಗಿಯೋ? ನಮ್ಮ ಕಥೆಗಾರ್ತಿಯರ ಅಡುಗೆಮನೆಗಳಲ್ಲಿ ಈ ಬದಲಾವಣೆ ಎಲ್ಲಿ ದಾಖಲಾಗಿದೆ? ಇದು ನಾಸ್ಟಾಲ್ಜಿಯಾದ ಪೋಸ್ಟಿನಿಂದ ಹುಟ್ಟಿದ, ಆದರೆ ನಾಸ್ಟಾಲ್ಜಿಯಾದಲ್ಲಿ ಮುಗಿಯದ ಪ್ರಶ್ನೆ.

ನಾನು ಹೊಸಬರಿಗೆ ಹೇಳುವುದು ಇಷ್ಟು. ಕಣ್ಣಿಗೆ ಬಿದ್ದ ಪೋಸ್ಟನ್ನು ಉಳಿಸಿಟ್ಟುಕೊಳ್ಳಿ, ಆದರೆ ಅವತ್ತೇ ಬರೆಯಬೇಡಿ. ಅದನ್ನು ಒಂದು ಪ್ರಶ್ನಾರ್ಥಕ ವಾಕ್ಯವಾಗಿ ಬರೆಯಲು ನೋಡಿ. ಹೌದು, ಅಲ್ಲ ಎಂಬ ಉತ್ತರದಲ್ಲಿ ಮುಗಿಯುವುದಾದರೆ ಅದು ಕಾಮೆಂಟಿಗೆ ಸಾಕು. ಉತ್ತರಕ್ಕೆ ಒಂದು ಪುಸ್ತಕವನ್ನಾದರೂ ತೆರೆಯಬೇಕಾಗುತ್ತದೆ ಎಂದಾದರೆ ಅಲ್ಲಿ ಲೇಖನವಿದೆ. ಬರೆದಾದ ಮೇಲೆ, ಮೂಲ ಪೋಸ್ಟು ಅಳಿಸಿಹೋದರೂ ಈ ಬರಹ ಅರ್ಥವಾಗುತ್ತದೆಯೇ ಎಂದು ನೋಡಿ. ಹಾಗೆಯೇ, ಪ್ರಶ್ನೆ ಬೇರೆಯವರದ್ದಾದರೆ ಅದನ್ನು ಹೇಳಿ. ಕಾಮೆಂಟಿನಲ್ಲಿ ಯಾರೋ ತಮ್ಮ ಅಜ್ಜಿಯ ಮಾತನ್ನು ಹಂಚಿಕೊಂಡಿರುತ್ತಾರೆ. ಎಲ್ಲರಿಗೂ ಕಾಣುತ್ತದೆ ಎಂದ ಮಾತ್ರಕ್ಕೆ ಅದು ಎಲ್ಲರ ಸ್ವತ್ತಲ್ಲ. ಕೇಳಿ ತೆಗೆದುಕೊಂಡರೆ ಅದು ಮಾಹಿತಿ, ಕೇಳದೆ ತೆಗೆದುಕೊಂಡರೆ ಕಳವು.

ಇದಕ್ಕೊಂದು ಬೆಲೆ ಇದೆ ಎಂಬುದೂ ನಿಜ. ಗದ್ದಲದ ಮೂರನೆಯ ದಿನ ಬಂದ ಬರಹವನ್ನು ಓದುವಷ್ಟು ಜನ ಮೂರನೆಯ ವಾರದ ಬರಹವನ್ನು ಓದುವುದಿಲ್ಲ. ಸಂಪಾದಕರ ಮುಂದೆಯೂ ಓದಿದವರ ಲೆಕ್ಕ ಇರುತ್ತದೆ, ಬರೆದವರಿಗೂ ಆ ಲೆಕ್ಕ ಕಾಣುತ್ತದೆ. ಈಗಷ್ಟೇ ಬರೆಯಲು ತೊಡಗಿದವರಿಗೆ ಕಾಯುವುದೆಂದರೆ ಕಾಣೆಯಾಗುವುದು ಎಂಬ ಭಯ ಸಹಜ. ಆದರೆ ಸಂಶೋಧನೆಗೆಂದು ಹಳೆಯ ಪತ್ರಿಕೆಗಳ ಕಟ್ಟುಗಳನ್ನು ಬಿಚ್ಚುವಾಗ ನನಗೆ ಕಾಣುವುದು ಬೇರೆ. ಅಂದಿನ ಜಗಳಗಳಿಗೆ ಪಕ್ಷ ಹಿಡಿದು ಬರೆದ ಪುಟಗಳನ್ನು ಅರ್ಥಮಾಡಿಕೊಳ್ಳಲು ಇಂದು ಅಡಿಟಿಪ್ಪಣಿ ಬೇಕು. ಪ್ರಶ್ನೆಯೊಂದನ್ನು ಹಿಡಿದು ಬರೆದ ಪುಟಗಳು ಅಡಿಟಿಪ್ಪಣಿ ಇಲ್ಲದೆ ಓದಿಸಿಕೊಳ್ಳುತ್ತವೆ.

ಬಾನು ಅವರ ಕಥೆಗಳಿಗೆ ಆಗಬೇಕಾದ ಓದು ಇನ್ನೂ ಬಾಕಿ ಇದೆ. 1990ರಿಂದ 2023ರವರೆಗಿನ ಕಥೆಗಳಿಂದ ಆಯ್ದ ಹನ್ನೆರಡು ಇಂಗ್ಲಿಷಿನಲ್ಲಿ ಒಂದೇ ಪುಸ್ತಕವಾದಾಗ ಆ ಮೂವತ್ತಮೂರು ವರ್ಷಗಳ ಅಂತರ ಏನಾಯಿತು? 'ಒಮ್ಮೆ ಹೆಣ್ಣಾಗು ಪ್ರಭುವೇ' ಎಂದು ದೇವರಿಗೇ ಸವಾಲು ಹಾಕುವ ದನಿ ಕನ್ನಡದಲ್ಲಿ ಎಷ್ಟು ಪ್ರಾರ್ಥನೆ, ಎಷ್ಟು ದೂರು? ಈ ಪ್ರಶ್ನೆಗಳು ಈಗ ಯಾವ ಟ್ರೆಂಡಿನಲ್ಲೂ ಇಲ್ಲ. ಬರೆಯಲು ವಿಷಯ ಹುಡುಕುತ್ತಿರುವವರು ಇವುಗಳಿಂದಲೇ ಶುರು ಮಾಡಬಹುದು.