ಲೈನ್ ಮನೆಗೆ ಬಂದ ಫೋನು, ಫೋನಿಗೆ ಬಾರದ ಲೈನ್ ಮನೆ

ಹೋದ ಕುಯ್ಲಿನ ಕಾಲದಲ್ಲಿ ಮೂಡಿಗೆರೆ ಕಡೆಯ ಒಂದು ತೋಟದ ಹೋಂಸ್ಟೇಗೆ ಬಂದಿದ್ದ ಪೇಟೆಯ ಹುಡುಗರು, ನಮ್ಮವ್ವ ಕಾಫಿ ಹಣ್ಣು ಕುಯ್ಯುವುದನ್ನು ರೀಲು ಮಾಡಿಕೊಂಡು ಹೋದರು. ವಾರದ ಮೇಲೆ ಅದು ಸುತ್ತಿ ಬಳಸಿ ನಮ್ಮ ಫೋನಿಗೇ ಬಂತು. ಮಂಜು ಇತ್ತು, ಸಿಲ್ವರ್ ಮರದ ಸಾಲಿತ್ತು, ಕೆಂಪನೆ ಹಣ್ಣಿತ್ತು, ಹಿಂದೆ ಇಂಪಾದ ಹಾಡಿತ್ತು. ಅವ್ವನ ಎರಡು ಕೈ ಇದ್ದವು, ಮುಖ ಇರಲಿಲ್ಲ. ಎರಡು ಲಕ್ಷ ಜನ ನೋಡಿದ್ದರು. ತೋರಿಸಿದಾಗ ಅವ್ವ ಸ್ವಲ್ಪ ಹೊತ್ತು ನೋಡಿ, "ಅವತ್ತು ಹಿಂಗ್ ನಿಲ್ಲು, ಹಂಗ್ ನಿಲ್ಲು ಅಂತ ನಿಲ್ಸಿ ನಿಲ್ಸಿ ನಂದು ಹತ್ತು ಕೆಜಿ ಹಣ್ಣು ಕಮ್ಮಿಯಾಯ್ತು ಕಣೋ. ಅದ್ರ ದುಡ್ಡು ಯಾರ್ ಕೊಡ್ತಾರೆ?" ಅಂದಳು.

ಮಾಧ್ಯಮ ಬದಲಾಗಿದೆ, ಎಲ್ಲರಿಗೂ ದನಿ ಬಂದಿದೆ ಅಂತ ವಿಚಾರ ಸಂಕಿರಣಗಳಲ್ಲಿ ಭಾಷಣ ಕೇಳುತ್ತಿದ್ದೇವೆ. ಆ ಮಾತನ್ನು ಅವ್ವ ಕಳೆದುಕೊಂಡ ಹತ್ತು ಕೆಜಿಯ ತಕ್ಕಡಿಯಲ್ಲಿಟ್ಟು ತೂಗುವ ಕೆಲಸ ಯಾರೂ ಮಾಡಿಲ್ಲ. ಅದನ್ನು ನಾವೇ ಮಾಡಬೇಕು.

ಈ ಗುಡ್ಡಗಳಿಗೆ ಸುದ್ದಿ ಬಂದ ದಾರಿಯನ್ನು ಮೊದಲು ನೋಡೋಣ. 1965ರಲ್ಲಿ ಭದ್ರಾವತಿ ಆಕಾಶವಾಣಿ ಶುರುವಾಯಿತು. ರೇಡಿಯೋ ಇದ್ದದ್ದು ಸಾಹುಕಾರರ ಜಗುಲಿಯ ಮೇಲೆ. ನಮ್ಮ ತಾತಂದಿರು ಕೇಳಿದ್ದು ಅಂಗಳದಾಚೆ ನಿಂತುಕೊಂಡು. ಪೇಪರು ಬಸ್ಸಿನಲ್ಲಿ ಬರುತ್ತಿತ್ತು. ಬಂಗಲೆಯವರು ಓದಿದ ಮೇಲೆ ರೈಟರು ಓದುತ್ತಿದ್ದರು. ರೈಟರು ಏನು ಹೇಳಿದರೋ ಅದೇ ಲೈನಿಗೆ ಸುದ್ದಿ. 1994ರಲ್ಲಿ ಉದಯ ಟಿವಿ, 2006ರಲ್ಲಿ ಟಿವಿ9 ಬಂದವು. ಲೈನ್ ಮನೆಯ ಶೀಟಿನ ಮೇಲೂ ಡಿಶ್ ಕೂತಿತು. 2016ರಲ್ಲಿ ಜಿಯೋ ಬಂದ ಮೇಲೆ ಅಂಗೈಯಲ್ಲೇ ಎಲ್ಲ. ತಾತ ಅಂಗಳದಾಚೆ ನಿಂತು ಕೇಳಿದ್ದನ್ನು ಮೊಮ್ಮಗಳು ಚಾಪೆಯ ಮೇಲೆ ಮಲಗಿಕೊಂಡು ಕೇಳುತ್ತಾಳೆ. ಇದು ಸಣ್ಣ ಬದಲಾವಣೆ ಅಲ್ಲ. ಫೋನಿನಿಂದ ಜನ ಕೆಟ್ಟರು ಅಂತ ಗೋಳಾಡುವ ದೊಡ್ಡವರ ಜತೆ ನಾವಿಲ್ಲ. ಜಗುಲಿ ಹತ್ತಲು ಬಿಡದಿದ್ದವರಿಗೆ ಆ ಗೋಳು ಹೊರಡುತ್ತದೆ, ನಮಗೆ ಹೊರಡುವುದಿಲ್ಲ.

ಟಿಕ್‌ಟಾಕ್ ಇದ್ದ ಕಾಲದಲ್ಲಿ ಕಪಾತು ಕತ್ತಿ ಹಿಡಿದೇ ಹಾಡಿದವರು, ಕಾಫಿ ಕಣದಲ್ಲೇ ಕುಣಿದವರು ನಮ್ಮವರಲ್ಲೂ ಇದ್ದರು. ಪೇಟೆಯವರು ಅವರನ್ನು ನೋಡಿ ನಕ್ಕರು. ಅವರ ಮುಖವಂತೂ ಕಾಣುತ್ತಿತ್ತು. 2020ರ ಜೂನ್ 29ರಂದು ಸರ್ಕಾರ ಒಟ್ಟು 59 ಆ್ಯಪ್‌ಗಳ ಜತೆ ಅದನ್ನು ನಿಷೇಧಿಸಿತು. ಮರುತಿಂಗಳೇ ಇನ್‌ಸ್ಟಾಗ್ರಾಂ ರೀಲು ಬಂತು. ಅದೇ ವರ್ಷ ಲಾಕ್‌ಡೌನಿನಲ್ಲಿ ಆನ್‌ಲೈನ್ ಪಾಠ ಶುರುವಾದಾಗ ಕಳಸದ ಕಡೆಯ ಮಕ್ಕಳು ಸಿಗ್ನಲ್ ಹುಡುಕಿಕೊಂಡು ಮಳೆಯಲ್ಲಿ ಗುಡ್ಡ ಹತ್ತಿದರು. ಮನೆಗೊಂದೇ ಫೋನು ಇದ್ದಲ್ಲಿ ಅದು ಗಂಡುಮಗನ ಕೈಗೆ ಹೋಯಿತು. ದನಿ ಬಂದದ್ದು ಯಾರಿಗೆ ಅನ್ನುವ ಲೆಕ್ಕದಲ್ಲಿ ಆ ಹೆಣ್ಣುಮಕ್ಕಳನ್ನೂ ಸೇರಿಸಿಕೊಳ್ಳಬೇಕು.

ಈಗ ಸುದ್ದಿಮನೆಯ ಬಾಗಿಲಿಗೆ ಬರೋಣ. 2019ರಲ್ಲಿ ಆಕ್ಸ್‌ಫಾಮ್ ಇಂಡಿಯಾ ಮತ್ತು ನ್ಯೂಸ್‌ಲಾಂಡ್ರಿ ಒಂದು ವರದಿ ತಂದವು. ಅವರು ನೋಡಿದ ಪತ್ರಿಕೆ, ಚಾನೆಲ್ಲು, ಜಾಲತಾಣಗಳಲ್ಲಿ ಮುಖ್ಯ ಕುರ್ಚಿಗಳು 121. ಅದರಲ್ಲಿ 106 ಕುರ್ಚಿ ಮೇಲ್ಜಾತಿಯವರದು. ಪರಿಶಿಷ್ಟ ಜಾತಿ, ಪಂಗಡದವರದು ಒಂದೂ ಇಲ್ಲ. ಈಗ ಸಂಪಾದಕನ ಯಜಮಾನಿಕೆ ಹೋಯಿತು, ಏನು ಕಾಣಬೇಕು ಅಂತ ಅಲ್ಗಾರಿದಮ್ ತೀರ್ಮಾನಿಸುತ್ತದೆ, ಅದಕ್ಕೆ ಜಾತಿ ಗೊತ್ತಿಲ್ಲ ಅಂತಾರೆ. ಜಾತಿ ಗೊತ್ತಿರಬೇಕಾದ್ದೇ ಇಲ್ಲ ಕಣ್ರೀ. ಜನ ಯಾವುದನ್ನು ಹೆಚ್ಚು ಹೊತ್ತು ನೋಡುತ್ತಾರೋ ಅದನ್ನೇ ಅದು ಮತ್ತಷ್ಟು ಜನಕ್ಕೆ ಬಡಿಸುತ್ತದೆ. ಯಾವುದು ಚೆಂದ, ಯಾವುದು ಅಸಹ್ಯ ಅಂತ ಈ ಜನಕ್ಕೆ ಕಲಿಸಿದ್ದು ಜಾತಿ. ಯಂತ್ರ ಆ ಪಾಠವನ್ನು ಒಪ್ಪಿಸುತ್ತದೆ, ಅಷ್ಟೆ.

ಒಂದು ಉದಾಹರಣೆ. 2022ರ ನವೆಂಬರ್‌ನಲ್ಲಿ ಮೂಡಿಗೆರೆ ತಾಲೂಕಿನ ಹುಲ್ಲೆಮನೆಯಲ್ಲಿ ಆನೆ ದಾಳಿಗೆ ಒಬ್ಬ ಹೆಣ್ಣುಮಗಳು ಸತ್ತಳು. ಅಲ್ಲಿಗೆ ಹೋದ ಆಗಿನ ಶಾಸಕ ಎಂ.ಪಿ. ಕುಮಾರಸ್ವಾಮಿಯವರ ಮೇಲೆ ಸಿಟ್ಟಾದ ಜನ ಮುಗಿಬಿದ್ದರು, ಅಂಗಿ ಹರಿಯಿತು. ಆಮೇಲೆ ಎರಡು ದಿನ ಚಾನೆಲ್ಲುಗಳಲ್ಲಿ, ವಾಟ್ಸಾಪಿನಲ್ಲಿ ಓಡಿದ್ದು ಹರಿದ ಅಂಗಿ. ಶಾಸಕರ ಮೇಲೆ ಕೈ ಮಾಡಿದ್ದು ಸರಿ ಅಂತ ನಾವು ಹೇಳುತ್ತಿಲ್ಲ. ಅದು ಮೀಸಲು ಕ್ಷೇತ್ರ, ಅವರೂ ನಮ್ಮ ಕೇರಿಯಿಂದಲೇ ಬಂದವರು. ನಮ್ಮ ಪ್ರಶ್ನೆ ಬೇರೆ. ಸತ್ತವಳ ಮನೆಯ ಒಲೆ ಹೇಗೆ ಉರಿಯುತ್ತಿದೆ ಅಂತ ಮೂರನೇ ದಿನ ಕೇಳಿದ ಕ್ಯಾಮೆರಾ ಎಷ್ಟು? ಆನೆ ಎಲ್ಲಿದೆ ಅಂತ ತಿಳಿಸುವ ವಾಟ್ಸಾಪ್ ಗುಂಪುಗಳಿಂದ ಜೀವ ಉಳಿದಿದೆ, ಒಪ್ಪಬೇಕು. ಆದರೆ ಮೆಸೇಜು ಓದಿದ ಸಾಹುಕಾರರು ಜೀಪು ಹೊರಗೆ ತೆಗೆಯದೆ ಇರಬಹುದು. ಅದೇ ಮೆಸೇಜು ಓದಿದ ಆಳು ಹಾಜರಿ ಬೇಕಾದರೆ ತೋಟಕ್ಕೆ ಇಳಿಯಲೇಬೇಕು. ಸುದ್ದಿ ಇಬ್ಬರಿಗೂ ಸಿಕ್ಕಿತು. ಅದನ್ನು ನಂಬಿ ಮನೆಯಲ್ಲಿ ಉಳಿಯುವ ಶಕ್ತಿ ಒಬ್ಬರಿಗೆ ಮಾತ್ರ ಇತ್ತು.

ಇನ್ನೆರಡು ಘಟನೆ ನೆನೆಯೋಣ. 2021ರ ಮೇ ತಿಂಗಳಲ್ಲಿ ಗೋಣಿಬೀಡು ಠಾಣೆಯಲ್ಲಿ ದಲಿತ ಯುವಕನೊಬ್ಬನಿಗೆ ಮೂತ್ರ ನೆಕ್ಕಿಸಿದ ಆರೋಪ ಬಂತು. ಅವನು ಬರೆದ ದೂರು ಹೊರಬಂದ ಮೇಲೆ ನಾಡೆಲ್ಲ ಕೂಗಿತು. ತನಿಖೆ ಸಿಐಡಿಗೆ ಹೋಯಿತು, ಸೆಪ್ಟೆಂಬರ್‌ನಲ್ಲಿ ಪಿಎಸ್ಐ ಬಂಧನವಾಯಿತು. 2022ರ ಅಕ್ಟೋಬರ್‌ನಲ್ಲಿ ಬಾಳೆಹೊನ್ನೂರು ಠಾಣೆಗೆ ಸೇರಿದ ಕಾಫಿ ತೋಟವೊಂದರಲ್ಲಿ ಸಾಲದ ಹಣದ ತಕರಾರಿಗೆ ದಲಿತ ಕೂಲಿಗಳನ್ನು ಕೋಣೆಯಲ್ಲಿ ಕೂಡಿಹಾಕಿದರು, ಹೊಡೆತಕ್ಕೆ ಗರ್ಭಿಣಿಯೊಬ್ಬಳ ಮಗು ಹೋಯಿತು ಅನ್ನುವ ದೂರು ಬಂತು. ಮಾಲೀಕ ಮತ್ತು ಅವನ ಮಗನ ಮೇಲೆ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಕೇಸಾಯಿತು. ಮೊದಲಿನ ಕಾಲವಾಗಿದ್ದರೆ ಇವೆರಡೂ ತೋಟದ ಗೇಟು ದಾಟುತ್ತಿರಲಿಲ್ಲ. ಇಲ್ಲಿ ಫೋನಿನ ಋಣವನ್ನು ನಾವು ಮರೆಯಬಾರದು.

ಆದರೆ ಆಮೇಲೆ? ವಿಡಿಯೋದ ಆಯಸ್ಸು ಎರಡು ದಿನ, ಕೋರ್ಟಿನ ಆಯಸ್ಸು ವರ್ಷಾನುಗಟ್ಟಲೆ. ಎರಡನೇ ದಿನದ ಸಂಜೆ ಕ್ಯಾಮೆರಾ ಹೊರಟು ಹೋಗುತ್ತದೆ. ಸಾಕ್ಷಿ ಹೇಳಬೇಕಾದವನು ಅದೇ ಸಾಹುಕಾರರ ಲೈನಿನಲ್ಲಿ ಮಲಗಬೇಕು, ಅದೇ ಅಂಗಡಿಯಲ್ಲಿ ಕಡ ಕೇಳಬೇಕು. ಆ ಹೊತ್ತಿಗೆ ನಮ್ಮ ಗುಂಪುಗಳಲ್ಲೂ ಬೇರೆ ವಿಡಿಯೋ ಬಂದಿರುತ್ತದೆ. ನಮ್ಮ ನೋವು ಕೂಡ ಜನ ನೋಡಿ ಮುಂದಕ್ಕೆ ತಳ್ಳುವ ಸರಕಾಗಿದೆ. ಇದೇ ನಮ್ಮನ್ನು ಹೆಚ್ಚು ಹೆದರಿಸುವುದು.

ಮನರಂಜನೆಯ ಕಥೆಯೂ ಇದೇ. ರೀಲಿನ ಮಲೆನಾಡಿನಲ್ಲಿ ಮುಳ್ಳಯ್ಯನಗಿರಿ ಇದೆ, ಹೂಮಳೆಗೆ ಬೆಳ್ಳಗಾದ ತೋಟ ಇದೆ, ಅಕ್ಕಿರೊಟ್ಟಿ ಇದೆ. ಅಕ್ಕಿರೊಟ್ಟಿ ತಟ್ಟಿದವಳ ಮನೆಗೆ ಕಕ್ಕಸು ಇಲ್ಲದ್ದು ಇಲ್ಲ. 1967ರಲ್ಲೇ ಕುವೆಂಪು 'ಮಲೆಗಳಲ್ಲಿ ಮದುಮಗಳು' ಕಾದಂಬರಿಯ ದಾರಿಯುದ್ದಕ್ಕೂ ಗುತ್ತಿಯನ್ನು ಅವನ ನಾಯಿ ಹುಲಿಯನ ಸಮೇತ ನಡೆಸಿದರು. ಆ ಕಾಡಿನಲ್ಲಿ ನಮ್ಮವನಿಗೆ ಹೆಸರಿತ್ತು, ಪ್ರೀತಿ ಇತ್ತು, ನಾಯಿಗೂ ಹೆಸರಿತ್ತು. ಐವತ್ತು ವರ್ಷ ಕಳೆದು ಕೈಗೊಂದು ಕ್ಯಾಮೆರಾ ಬಂದ ಮೇಲೆ ಗುತ್ತಿ ಕಾಣೆಯಾಗಿದ್ದಾನೆ, ಮಲೆ ಮಾತ್ರ ಉಳಿದಿದೆ. 2025ರ ಮೊದಲಲ್ಲಿ 50 ಕೆಜಿ ಅರೇಬಿಕಾ ಪಾರ್ಚ್‌ಮೆಂಟ್ ಮೂಟೆ 20,000 ರೂಪಾಯಿ ದಾಟಿತು. ಬೆಲೆ ಏರಿದ್ದು ಎಲ್ಲ ಫೋನಿನಲ್ಲೂ ಓಡಿತು. ಆ ಮೂಟೆಯಲ್ಲಿ ಕುಯ್ದವಳ ಪಾಲೆಷ್ಟು ಅನ್ನುವ ಪ್ರಶ್ನೆ ಯಾವ ಫೋನಿನಲ್ಲೂ ಓಡಲಿಲ್ಲ.

ಬೇರೆಯವರನ್ನು ಬೈದು ಮುಗಿಸಿದರೆ ನಾವು ಸುಳ್ಳರಾಗುತ್ತೇವೆ. ಏಪ್ರಿಲ್ 14 ಬಂತೆಂದರೆ ನಮ್ಮ ಸ್ಟೇಟಸ್ಸೆಲ್ಲ ನೀಲಿ. ವಾಟ್ಸಾಪ್ ಸ್ಟೇಟಸ್ಸಿನ ಆಯಸ್ಸು 24 ಗಂಟೆ. 15ನೇ ತಾರೀಕಿಗೆ ಬಾಬಾಸಾಹೇಬರೂ ಮಾಯ, ಸಿಟ್ಟೂ ಮಾಯ. ನಾವು ಬರೆಯುವ ಕವಿತೆಯೂ ಲೈಕಿನ ಹದಕ್ಕೆ ಬಂದಿದೆ: ನಾಲ್ಕು ಸಾಲು, ಕೊನೆಗೊಂದು ಏಟು, ಕೆಳಗೆ ಬೆಂಕಿಯ ಚಿತ್ರ. ಪದವಿ ಪಡೆದ ನಮ್ಮಂಥವರು ಲೈನಿಗೆ ಹೋದಾಗ ಅವ್ವಂದಿರ ಮಾತು ಕೇಳುವುದಕ್ಕಿಂತ ಹೆಚ್ಚು ಹೊತ್ತು ಫೋನು ಉಜ್ಜುತ್ತೇವೆ. ಅವ್ವನ ಹತ್ತು ಕೆಜಿ ಲೆಕ್ಕ ನಮಗೆ ಗೊತ್ತಾದದ್ದೂ ರೀಲು ಬಂದ ಮೇಲೆಯೇ. ಆ ನಾಚಿಕೆ ನಮಗಿರಲಿ.

ಅಂಬೇಡ್ಕರರು 1920ರ ಜನವರಿ 31ರಂದು 'ಮೂಕನಾಯಕ' ತಂದರು, 1927ರಲ್ಲಿ 'ಬಹಿಷ್ಕೃತ ಭಾರತ' ತಂದರು. ಎಪ್ಪತ್ತರ ದಶಕದಲ್ಲಿ ನಮ್ಮ ನಾಡಿನಲ್ಲಿ 'ಪಂಚಮ', 'ಶೂದ್ರ' ಬಂದವು. 1980ರಲ್ಲಿ ಲಂಕೇಶರು ಜಾಹೀರಾತಿನ ಹಂಗಿಲ್ಲದೆ ವಾರಪತ್ರಿಕೆ ಹೊರಡಿಸಿದರು. ಇವು ಅಚ್ಚಾದದ್ದು ಕೆಲವು ಸಾವಿರವಿರಲಿ, ಕೆಲವು ನೂರಿರಲಿ, ಒಂದು ಪ್ರತಿ ಹತ್ತು ಕೈ ದಾಟುತ್ತಿತ್ತು. ಅದರಲ್ಲಿ ಊರಿನ ಹೆಸರಿತ್ತು, ತಾರೀಕಿತ್ತು. ಮುಂದಿನ ಸಂಚಿಕೆಯಲ್ಲಿ ಅದೇ ಊರಿನ ಮುಂದಿನ ಸುದ್ದಿ ಬರಬೇಕು ಅನ್ನುವ ಹಟವಿತ್ತು. ಫೋನಿಗೆ ವೇಗ ಬಂದಿದೆ, ಈ ಹಟ ಬಂದಿಲ್ಲ.

ಹಾಗಂತ ಫೋನು ಎಸೆಯಿರಿ ಅಂತ ನಾವು ಹೇಳುವುದಿಲ್ಲ. ಅದನ್ನು ದುಡಿಸಿಕೊಳ್ಳೋಣ. ಒಂದೊಂದು ಕೇರಿಗೆ, ಲೈನಿಗೆ ಒಂದು ನೋಟ್‌ಬುಕ್ ಇಡೋಣ. ಏನಾಯಿತು, ಯಾವತ್ತು, ಯಾವ ಠಾಣೆ, ಎಫ್ಐಆರ್ ನಂಬರ್ ಎಷ್ಟು, ಮುಂದಿನ ತಾರೀಕು ಯಾವಾಗ, ಎಷ್ಟು ಕೆಜಿಗೆ ಎಷ್ಟು ಕೂಲಿ ಕೊಟ್ಟರು ಅಂತ ಬರೆಯೋಣ. ವಿಡಿಯೋ ತೆಗೆದರೆ ಕಳಿಸುವ ಮೊದಲು ಅದರಲ್ಲಿ ಇರುವವರನ್ನು ಕೇಳೋಣ. ಲೈನಿನಲ್ಲೇ ಬದುಕಬೇಕಾದ ಸಾಕ್ಷಿಯ ಮುಖ ಮುಚ್ಚೋಣ, ಗೇಟಿನ ಮುಖ ತೋರಿಸೋಣ. ಹಳ್ಳಿ ಶಾಲೆಯ ಮೇಷ್ಟ್ರುಗಳು ಏಳನೇ ಕ್ಲಾಸಿನ ಮಕ್ಕಳಿಂದ ವಾರಕ್ಕೊಂದು ಗೋಡೆ ಪತ್ರಿಕೆ ಬರೆಸಲಿ. ಹೆಣ್ಣುಮಕ್ಕಳ ಕೈಗೆ ಮೊದಲು ಪೆನ್ನು ಕೊಡಲಿ. ಆರು ತಿಂಗಳಿಗೊಮ್ಮೆ ಹಳೆಯ ಘಟನೆಯ ಊರಿಗೆ ಯಾರಾದರೂ ಇಬ್ಬರು ಹೋಗಿ ಬರೋಣ.

ಗೆಳೆಯರೇ, ಬರೆದದ್ದನ್ನು ಕಳಿಸಿ. ಕಾಗುಣಿತ ತಪ್ಪಿದ್ದರೆ ತಿದ್ದಿಕೊಳ್ಳೋಣ. ಊರ ಹೆಸರು ಮತ್ತು ತಾರೀಕು ಮಾತ್ರ ತಪ್ಪದೆ ಬರೆಯಿರಿ.