ನಾಲ್ಕನೆಯವಳು

ಆಟಗಾರರ ಬಗ್ಗೆ ನಮ್ಮಲ್ಲಿ ಎರಡೇ ಬಗೆಯ ಬರಹ. ಒಂದು ಹಾರ ಹಾಕುವುದು, ಇನ್ನೊಂದು ಅಯ್ಯೋ ಪಾಪ ಅನ್ನುವುದು. ಕಥೆಯನ್ನೋ ಕವಿತೆಯನ್ನೋ ಓದುವಾಗ ಎಲ್ಲಿ ಗಟ್ಟಿಯಾಗಿದೆ, ಎಲ್ಲಿ ಸಡಿಲವಾಗಿದೆ ಎಂದು ಕೇಳುತ್ತೇವಲ್ಲ, ಆ ಕಣ್ಣಿನಿಂದ ಒಬ್ಬ ಆಟಗಾರ್ತಿಯ ಆಟವನ್ನು ನೋಡುವ ಅಭ್ಯಾಸ ನಮಗಿಲ್ಲ. ಬೆಂಗಳೂರಿನ ಗಾಲ್ಫ್ ಆಟಗಾರ್ತಿ ಅದಿತಿ ಅಶೋಕ್ ವಿಷಯದಲ್ಲಿ ಈ ಕೊರತೆ ನನಗೆ ಎದ್ದು ಕಂಡಿತು.

ಗಾಲ್ಫ್‌ನ ಲೆಕ್ಕ ಸುಲಭ. ಹದಿನೆಂಟು ಕುಳಿಗಳಿರುತ್ತವೆ. ಎಷ್ಟು ಕಡಿಮೆ ಹೊಡೆತದಲ್ಲಿ ಚೆಂಡನ್ನು ಅವುಗಳೊಳಗೆ ಬೀಳಿಸಿದರೆ ಅಷ್ಟು ಮೇಲು. ಇಂಥ ಮೈದಾನಕ್ಕೆ ಇಷ್ಟು ಹೊಡೆತ ಎಂದು ಮೊದಲೇ ಗೊತ್ತುಮಾಡಿರುತ್ತಾರೆ, ಅದಕ್ಕೆ ಪಾರ್ ಎಂದು ಹೆಸರು. ದೊಡ್ಡ ಪಂದ್ಯಗಳಲ್ಲಿ ನಾಲ್ಕು ದಿನ ಆಡಿ ಒಟ್ಟು ಕೂಡುತ್ತಾರೆ. ಕೂಡುವ ಲೆಕ್ಕ ಬಂದರೆ ಸಾಕು, ಈ ಆಟವನ್ನು ಯಾರು ಬೇಕಾದರೂ ಓದಬಹುದು.

ಹಾಗೆ ಓದಿ ನೋಡೋಣ. 2021ರ ಆಗಸ್ಟ್ 7, ಟೋಕಿಯೋ ಒಲಿಂಪಿಕ್ಸ್. ಮೈದಾನದ ಪಾರ್ 71. ಅದಿತಿಯ ನಾಲ್ಕು ದಿನದ ಅಂಕ 67, 66, 68, 68. ಒಂದು ದಿನವೂ ಪಾರ್ ಮೇಲೆ ಹೋಗಿಲ್ಲ. ಜಾಗತಿಕ ಪಟ್ಟಿಯಲ್ಲಿ ಇನ್ನೂರರ ಆಸುಪಾಸಿನಲ್ಲಿದ್ದ ಹುಡುಗಿ. ಪಂದ್ಯಕ್ಕೆ ಕೆಲವೇ ತಿಂಗಳು ಮುಂಚೆ ಕೊರೋನಾ ಹಿಡಿದು ಮೈಯ ಕಸುವು ಇಳಿದಿತ್ತು. ಕೊನೆಯ ದಿನಕ್ಕೆ ಎರಡನೆಯ ಸ್ಥಾನದಲ್ಲಿ ಕಾಲಿಟ್ಟಳು. ಆ ದಿನ ಜಪಾನಿನ ಮೋನೆ ಇನಾಮಿ ಮತ್ತು ನ್ಯೂಜಿಲೆಂಡಿನ ಲಿಡಿಯಾ ಕೋ ಇಬ್ಬರೂ 65 ಹೊಡೆದರು. ಚಿನ್ನ ಅಮೆರಿಕದ ನೆಲ್ಲಿ ಕೋರ್ಡಾಗೆ ಹೋಯಿತು. ಅದಿತಿ ಕಂಚಿಗೆ ಒಂದೇ ಒಂದು ಹೊಡೆತ ದೂರ ಉಳಿದಳು, ನಾಲ್ಕನೆಯ ಸ್ಥಾನ. ಅದೇ ದಿನ ನೀರಜ್ ಚೋಪ್ರಾ ಈಟಿ ಎಸೆದು ಚಿನ್ನ ಗೆದ್ದದ್ದರಿಂದ ದೇಶಕ್ಕೆ ಈಕೆಯ ಮೇಲೆ ಮರುಕಪಡಲೂ ಹೆಚ್ಚು ಹೊತ್ತು ಸಿಗಲಿಲ್ಲ. ಅದೂ ಒಳ್ಳೆಯದೇ ಆಯಿತು. ‘ಕೈತಪ್ಪಿದ ಪದಕ’ ಎನ್ನುವ ಮಾತೇ ನನಗೆ ಹಿಡಿಸುವುದಿಲ್ಲ. ಈಕೆಯ ಕೈಯಿಂದ ಏನೂ ಜಾರಲಿಲ್ಲ. ಇನ್ನಿಬ್ಬರು ಆ ದಿನ ಇನ್ನೂ ಚೆನ್ನಾಗಿ ಆಡಿದರು, ಅಷ್ಟೆ.

ಈಗ ಇನ್ನೊಂದು ಪುಟ ತೆಗೆಯಿರಿ. ಚೀನಾದ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಕ್ರೀಡಾಕೂಟ, 2023ರ ಅಕ್ಟೋಬರ್ 1. ಇಲ್ಲಿ ಪಾರ್ 72. ಮೊದಲ ಮೂರು ದಿನ 67, 66, 61. ಮೂರನೆಯ ದಿನದ ಆ 61 ಒಂದು ಪವಾಡದಂಥ ಆಟ. ಏಳು ಹೊಡೆತಗಳ ಮುನ್ನಡೆ, ಚಿನ್ನ ಕೊರಳಿಗೆ ಬಿದ್ದೇಬಿಟ್ಟಿತು ಅಂದುಕೊಂಡೆವು. ನಾಲ್ಕನೆಯ ದಿನ 77. ಥಾಯ್ಲೆಂಡಿನ ಆರ್ಪಿಚಾಯಾ ಯೂಬೋಲ್ ಎರಡು ಹೊಡೆತಗಳಿಂದ ಮುಂದೆ ಹೋದಳು. ಅದಿತಿಗೆ ಬೆಳ್ಳಿ. ಏಷ್ಯನ್ ಕೂಟದ ಗಾಲ್ಫ್‌ನಲ್ಲಿ ಭಾರತದ ಹೆಣ್ಣುಮಗಳೊಬ್ಬಳಿಗೆ ಬಂದ ಮೊದಲ ಪದಕ ಅದು. ಅಭಿನಂದನೆಗಳು ಬಂದವು, ಸಂದೇಶಗಳು ಬಂದವು.

ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಒಂದು ವಿಚಿತ್ರ ಕಾಣುತ್ತದೆ. ಎಲ್ಲಿ ಕೊನೆಯವರೆಗೂ ಗಟ್ಟಿಯಾಗಿ ನಿಂತಳೋ ಅಲ್ಲಿ ಏನೂ ಸಿಗಲಿಲ್ಲ. ಎಲ್ಲಿ ನಿಜವಾಗಿ ಕುಸಿದಳೋ ಅಲ್ಲಿ ಪದಕ ಸಿಕ್ಕಿತು. ನಾವು ಮರುಗಿದ್ದು ಮೊದಲನೆಯದಕ್ಕೆ, ಸಂಭ್ರಮಿಸಿದ್ದು ಎರಡನೆಯದಕ್ಕೆ. ಮೂವತ್ತು ವರ್ಷದ ಹತ್ತಿರ ಉತ್ತರಪತ್ರಿಕೆ ತಿದ್ದಿದ ನನಗೆ ಇದು ಹೊಸ ಅನುಭವವೇನಲ್ಲ. ಒಳ್ಳೆಯ ಉತ್ತರಕ್ಕೂ ಒಳ್ಳೆಯ ಅಂಕಕ್ಕೂ ಎಷ್ಟೋ ಸಲ ನೆಂಟಸ್ತನವೇ ಇರುವುದಿಲ್ಲ.

ಆಟದ ಗುಣದೋಷಕ್ಕೆ ಬರೋಣ. ಅದಿತಿಯ ದೋಷ ಬಹಳ ಕಾಲ ಒಂದೇ ಆಗಿತ್ತು. ಮೊದಲ ಹೊಡೆತ ದೂರ ಹೋಗುತ್ತಿರಲಿಲ್ಲ. ಟೋಕಿಯೋದಲ್ಲಿ ಕೋರ್ಡಾಳ ಚೆಂಡು ಬಿದ್ದ ಜಾಗಕ್ಕೆ ಈಕೆಯ ಚೆಂಡು ಎಷ್ಟೋ ಹಿಂದೆ ಬಿದ್ದಿರುತ್ತಿತ್ತು. ಆ ಕೊರತೆಯನ್ನೆಲ್ಲ ಈಕೆ ತುಂಬಿಕೊಂಡದ್ದು ಕುಳಿಯ ಸುತ್ತಲಿನ ನುಣುಪು ಹುಲ್ಲಿನ ಮೇಲೆ, ಪಟಿಂಗ್‌ನಲ್ಲಿ. ಅಲ್ಲಿ ತೋಳ್ಬಲಕ್ಕೆ ಕೆಲಸವಿಲ್ಲ. ನೆಲದ ಇಳಿಜಾರು, ಹುಲ್ಲು ಮಲಗಿರುವ ದಿಕ್ಕು, ತೇವ, ಇವನ್ನು ಓದಬೇಕು. ಅಕ್ಕಿಯಲ್ಲಿ ಕಲ್ಲು ಆರಿಸುವ ತಾಳ್ಮೆ ಬೇಕು. ಆ ತಾಳ್ಮೆಯಲ್ಲಿ ಟೋಕಿಯೋಗೆ ಬಂದವರಲ್ಲಿ ಈಕೆಯನ್ನು ಮೀರಿಸಿದವರು ಕಾಣೆ. ಆದರೆ ಒಂದೇ ಗುಣದ ಮೇಲೆ ಇಡೀ ಬಾಳನ್ನು ಕಟ್ಟಲಾಗದು ಎಂದು ಆಕೆಗೂ ಗೊತ್ತಿತ್ತು. ಮೈಯನ್ನು ಹದಗೊಳಿಸಿ ಹೊಡೆತದ ದೂರ ಹೆಚ್ಚಿಸಿಕೊಂಡಳು. 2023 ಅದರ ಫಲ. ಫೆಬ್ರವರಿಯಲ್ಲಿ ಕೀನ್ಯಾದಲ್ಲಿ ಗೆದ್ದಳು, ವಸಂತದಲ್ಲಿ ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ಮೊದಲ ಸ್ಥಾನಕ್ಕೆ ಸಮಬಲವಾಗಿ ನಿಂತು ನಿರ್ಣಾಯಕ ಆಟದಲ್ಲಿ ಹನ್ನಾ ಗ್ರೀನ್‌ಗೆ ಸೋತಳು, ನವೆಂಬರಿನಲ್ಲಿ ಸ್ಪೇನ್ ಓಪನ್ ಗೆದ್ದಳು. ನನ್ನ ದೃಷ್ಟಿಯಲ್ಲಿ ಆಕೆಯ ವೃತ್ತಿಯ ತಿರುವು ಇದೇ. ಹಾಂಗ್‌ಝೌ ಕೂಡ ಇದೇ ವರ್ಷದ್ದು ಎಂಬುದನ್ನು ಮರೆಯಬಾರದು. ಅಪಾಯಕ್ಕೆ ಒಡ್ಡಿಕೊಂಡು ಆಡುವವರಿಗೇ 61ರ ಮಾರನೆಯ ದಿನ 77 ಬರುವುದು.

ಇದೆಲ್ಲ ಸರಿ, ದುಡ್ಡಿದ್ದವರ ಆಟವಲ್ಲವೇ ಎನ್ನುವ ಮಾತಿಗೆ ಬರುತ್ತೇನೆ. ಆ ಮಾತನ್ನು ನಾನು ತಳ್ಳಿಹಾಕಲಾರೆ. ನಾನಿರುವುದು ಬಂಗಾರಪೇಟೆಯಲ್ಲಿ, ಪಾಠ ಹೇಳುವುದು ಕೆ.ಜಿ.ಎಫ್.ನಲ್ಲಿ. ಗಾಲ್ಫ್ ಎಂಬ ಹೆಸರು ನಮ್ಮ ಕಡೆ ಹೊಸದಲ್ಲ. ಜಾನ್ ಟೇಲರ್ ಕಂಪನಿಯ ದೊರೆಗಳು ಬಂಗಲೆ, ಕ್ಲಬ್ಬು, ಗಾಲ್ಫ್ ಮೈದಾನ ಎಲ್ಲವನ್ನೂ ಇಲ್ಲಿ ಕಟ್ಟಿಕೊಂಡಿದ್ದರು. ಮೇಲೆ ಅವರು ಚೆಂಡು ಹೊಡೆಯುತ್ತಿದ್ದಾಗ ಕೆಳಗೆ ಲೈನ್ ಮನೆಗಳ ಗಂಡಸರು ಬಂಡೆ ಒಡೆಯುತ್ತಿದ್ದರು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದಿತ್ತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಆ ಮನೆಗಳ ಮಕ್ಕಳು ಮುಂಜಾನೆಯ ರೈಲಿನಲ್ಲಿ ನೇತಾಡಿಕೊಂಡು ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ಅಂಥ ಊರಿನಲ್ಲಿ ನಿಂತು ಗಾಲ್ಫ್ ಎಲ್ಲರ ಆಟ ಎಂದರೆ ನಗುತ್ತಾರೆ.

ಆದರೂ ಒಂದು ಮಾತಿದೆ. ಅದಿತಿಯ ಅಪ್ಪ ಅಮ್ಮ ಗಾಲ್ಫ್ ಆಡಿದವರಲ್ಲ. ಐದಾರು ವರ್ಷದ ಮಗಳು ಮೈದಾನ ನೋಡಿ ಆಸೆಪಟ್ಟಳೆಂದು ಅವರೂ ಜೊತೆಗೆ ಕಲಿತರು. 2016ರಲ್ಲಿ, ಹದಿನೆಂಟು ವರ್ಷಕ್ಕೆ, ಈಕೆ ರಿಯೋ ಒಲಿಂಪಿಕ್ಸ್ ಆಡಿದಾಗ ಕ್ಯಾಡಿಯಾಗಿ ಚೀಲ ಹೊತ್ತವರು ತಂದೆ ಅಶೋಕ್ ಗುಡ್ಲಮನಿ. ಟೋಕಿಯೋದಲ್ಲಿ ತಾಯಿ ಮಹೇಶ್ವರಿ. ಅದೇ 2016ರ ನವೆಂಬರಿನಲ್ಲಿ ಗುರ್‌ಗಾಂವ್‌ನಲ್ಲಿ ಇಂಡಿಯನ್ ಓಪನ್ ಗೆದ್ದು, ಯುರೋಪಿನ ಮಹಿಳಾ ಟೂರ್‌ನ ಪಂದ್ಯ ಗೆದ್ದ ಮೊದಲ ಭಾರತೀಯಳಾದಳು. ದುಡ್ಡು ಮೈದಾನದ ಬಾಗಿಲು ತೆರೆಯುತ್ತದೆ. ಒಳಗೆ ಹೋದಮೇಲೆ 66 ಹೊಡೆಯಲು ಅದು ನೆರವಾಗುವುದಿಲ್ಲ. ಅಮೆರಿಕದ ಮಾತೇ ಬೇರೆ. ಅಲ್ಲಿ ಹದಿಮೂರು ಹೆಂಗಸರು ಸೇರಿ 1950ರಲ್ಲಿಯೇ ತಮ್ಮ ವೃತ್ತಿಸಂಘ ಕಟ್ಟಿಕೊಂಡರು. ಕಾರು ರಿಪೇರಿ ಮಾಡುತ್ತಿದ್ದವನ ಮಗಳು ನ್ಯಾನ್ಸಿ ಲೋಪೆಜ್ 1978ರಲ್ಲಿ ಒಂದೇ ವರ್ಷ ಒಂಬತ್ತು ಪಂದ್ಯ ಗೆದ್ದಳು. ನಮ್ಮಲ್ಲಿ ಅಂಥ ಮನೆಯ ಮಗಳು ಈ ಆಟಕ್ಕೆ ಬರುವ ದಾರಿ ಯಾವುದು ಎಂದು ಕೇಳಬೇಕಾದ್ದು ಮೈದಾನ ಕಟ್ಟುವವರನ್ನು. ಆಡಿದವಳನ್ನಲ್ಲ.

ಪದಕದ ಮಾತು ಬಂದಾಗಲೆಲ್ಲ ನನಗೆ ಮಾರ್ಗರೆಟ್ ಅಬಟ್ ನೆನಪಾಗುತ್ತಾಳೆ. 1878ರಲ್ಲಿ ನಮ್ಮ ಕಲ್ಕತ್ತೆಯಲ್ಲಿ ಹುಟ್ಟಿದ ಅಮೆರಿಕದ ಹೆಣ್ಣು. 1900ರಲ್ಲಿ ಪ್ಯಾರಿಸಿನಲ್ಲಿ ಒಂಬತ್ತು ಕುಳಿಗಳ ಒಂದು ಪಂದ್ಯ ನಡೆಯಿತು. ತಾಯಿಯೂ ಅದರಲ್ಲಿ ಆಡಿದರು, ಮಗಳು 47 ಹೊಡೆತದಲ್ಲಿ ಗೆದ್ದಳು. ಬಹುಮಾನವಾಗಿ ಒಂದು ಪಿಂಗಾಣಿ ಬಟ್ಟಲು ಕೊಟ್ಟರು. ಅದು ಒಲಿಂಪಿಕ್ಸ್ ಪಂದ್ಯವಾಗಿತ್ತೆಂದು ಆಕೆಗೆ ಗೊತ್ತೇ ಇರಲಿಲ್ಲ. 1955ರಲ್ಲಿ ಸಾಯುವವರೆಗೂ ಗೊತ್ತಾಗಲಿಲ್ಲ. ಅದಾದ ಮೇಲೆ ಹೆಂಗಸರ ಗಾಲ್ಫ್ ಒಲಿಂಪಿಕ್ಸ್‌ಗೆ ಮರಳಿದ್ದು ರಿಯೋದಲ್ಲಿ, ಅದಿತಿ ಆಡಿದ ಆ 2016ರಲ್ಲಿ.

2024ರ ಪ್ಯಾರಿಸಿನಲ್ಲಿ ಅದಿತಿ ಇಪ್ಪತ್ತೊಂಬತ್ತನೆಯ ಸ್ಥಾನದಲ್ಲಿ ನಿಂತಳು. ಅದು ಸಾಧಾರಣ ಆಟ, ಮುಚ್ಚಿಡುವುದೇನೂ ಇಲ್ಲ. ಅದು ಆಕೆಯ ಮೂರನೆಯ ಒಲಿಂಪಿಕ್ಸ್, ವಯಸ್ಸು ಇಪ್ಪತ್ತಾರು. ಅದೇ 1998ರಲ್ಲಿ ಹುಟ್ಟಿದ ಕೋರ್ಡಾ ಆ ವರ್ಷ ಅಮೆರಿಕದಲ್ಲಿ ಸಾಲಾಗಿ ಐದು ಪಂದ್ಯ ಗೆದ್ದಿದ್ದಳು. ಆಕೆಯ ತಂದೆ ಆಸ್ಟ್ರೇಲಿಯನ್ ಓಪನ್ ಟೆನಿಸ್ ಗೆದ್ದವನು. ಇಬ್ಬರನ್ನೂ ತೂಗುವವರು ಈ ಹಿನ್ನೆಲೆಯನ್ನೂ ತಕ್ಕಡಿಗೆ ಹಾಕಬೇಕು.

ಎಂಟನೆಯ ತರಗತಿಯಲ್ಲಿ ಇದನ್ನೆಲ್ಲ ಹೇಳುತ್ತಿದ್ದಾಗ ಹಿಂದಿನ ಬೆಂಚಿನ ಹುಡುಗಿ ಕೇಳಿದಳು, “ಮಿಸ್, ನಾಲ್ಕನೆಯವರಿಗೆ ಏನು ಕೊಡ್ತಾರೆ?” ಎಂಟನೆಯ ಸ್ಥಾನದವರೆಗೂ ಒಂದು ಪ್ರಶಸ್ತಿಪತ್ರ ಕೊಡುತ್ತಾರೆ ಎಂದೆ. “ಹೆಸರು ಬರೆದು ಕೊಡ್ತಾರಾ ಮಿಸ್?” ಎಂದು ಮತ್ತೆ ಕೇಳಿದಳು. ಬರೆದು ಕೊಡುತ್ತಾರೆ ಎಂದೆ.